ಕಲೆ ಹತ್ತದ ಉಕ್ಕಿನ ಜನಕ ಹ್ಯಾರಿ ಬ್ರಿಯರ್ಲಿ

ಕನ್ನಡದಲ್ಲಿ ಕಲೆಯೆಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಕುಶಲತೆ, ಇನ್ನೊಂದು ಕಳಂಕ. ಸ್ಟೇನ್‌ಲೆಸ್ ಸ್ಟೀಲನ್ನು ಕಲೆಯಿಲ್ಲದ ಉಕ್ಕು ಎಂದು ಕನ್ನಡಿಸಿದ ವಿದ್ಯಾರ್ಥಿಯೊಬ್ಬನ ಉತ್ತರಪತ್ರಿಕೆಯನ್ನು ತಿದ್ದುವಾಗ ನನಗೆ ನಗು ಬಂದಿತ್ತು. ಆ ಉಕ್ಕಿನ ವೃತ್ತಾಂತವನ್ನು ಓದಿಕೊಂಡ ಮೇಲೆ ನಗು ನಿಂತಿತು. ಕುಶಲತೆಯೆಂಬ ಕಲೆ ಅದರಲ್ಲಿ ಬೇಕಾದಷ್ಟಿದೆ. ಕಳಂಕವೆಂಬ ಕಲೆಯೂ ಅದರಿಂದ ನಾವು ತಿಳಿದಷ್ಟು ದೂರವಾಗಿಲ್ಲ. ನಾವು ನಿತ್ಯವೂ ಪಂಕ್ತಿಯಲ್ಲಿ ಕುಳಿತು ಉಣ್ಣುವ ತಟ್ಟೆ, ನೀರು ಕುಡಿಯುವ ಲೋಟ, ವೈದ್ಯನ ಕೈಯ ಕತ್ತರಿ, ಇವುಗಳ ಹಿಂದೆ ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟ ಬಡ ಕಾರ್ಮಿಕನ ಮಗನೊಬ್ಬನಿದ್ದಾನೆ. ಅವನೇ ಹ್ಯಾರಿ ಬ್ರಿಯರ್ಲಿ.

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಶೆಫೀಲ್ಡ್ ನಗರದಲ್ಲಿ 1871ನೆಯ ಇಸವಿ ಫೆಬ್ರವರಿ 18ರಂದು ಬ್ರಿಯರ್ಲಿ ಜನಿಸಿದನು. ಚಾಕು ಚೂರಿಗಳಿಗೆ ಆ ಊರು ಶತಮಾನಗಳಿಂದ ಹೆಸರಾದುದು. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬವನು ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಅಲ್ಲಿ ರೂಢಿಗೆ ತಂದಮೇಲೆ ಊರಿಗೆ ಊರೇ ಕುಲುಮೆಯಾಗಿತ್ತು. ಹ್ಯಾರಿಯ ತಂದೆ ಜಾನ್ ಬ್ರಿಯರ್ಲಿ ಇಂತಹ ಮೂಸೆಗಳ ಮುಂದೆ ನಿಂತು ಉಕ್ಕು ಕರಗಿಸುವವನು. ತಾಯಿ ಜೇನ್ ಕಮ್ಮಾರನ ಮಗಳು. ಮನೆಯ ತುಂಬ ಮಕ್ಕಳು. ಇಕ್ಕಟ್ಟಾದ ಓಣಿ, ಹೊಗೆ ಮುಸುಕಿದ ಆಕಾಶ, ಬರುವ ಕೂಲಿ ಹೊಟ್ಟೆಗೂ ಸಾಲದ ಸ್ಥಿತಿ. ಶಾಲೆಯ ವಿದ್ಯೆ ಹೆಚ್ಚು ಮುಂದುವರಿಯಲಿಲ್ಲ. ಹುಡುಗನು ಹನ್ನೆರಡರ ಹರೆಯದಲ್ಲಿ ತಂದೆಯು ದುಡಿಯುತ್ತಿದ್ದ ಥಾಮಸ್ ಫರ್ತ್ ಮತ್ತು ಮಕ್ಕಳ ಉಕ್ಕಿನ ಕಾರ್ಖಾನೆಯಲ್ಲಿಯೇ ಕೂಲಿಗೆ ಸೇರಿದನು.

ಕುಲುಮೆಯ ಕೆಳಗಿನ ನೆಲಮಾಳಿಗೆಯಲ್ಲಿ ಚಿಲ್ಲರೆ ಕೆಲಸಗಳನ್ನು ಮಾಡುವುದು ಅವನ ಪಾಲಿಗೆ ಬಂದಿತು. ಮೇಲೆ ದೊಡ್ಡವರು ನೀರಿನಲ್ಲಿ ನೆನೆಸಿದ ಗೋಣಿತಟ್ಟನ್ನು ಕಾಲಿಗೂ ತೋಳಿಗೂ ಸುತ್ತಿಕೊಂಡು, ಬಿಳುಪಾಗಿ ಉರಿಯುವ ಮೂಸೆಗಳನ್ನು ಇಕ್ಕಳದಿಂದ ಎತ್ತಿ ಅಚ್ಚಿಗೆ ಎರೆಯುತ್ತಿದ್ದರು. ಉಷ್ಣಮಾಪಕವಿಲ್ಲ, ರಾಸಾಯನಿಕ ಪರೀಕ್ಷೆಯಿಲ್ಲ. ಕರಗಿದ ಲೋಹದ ಬಣ್ಣವನ್ನು ಕಣ್ಣಿನಿಂದ ಅಳೆದು, ಒಡೆದ ಗಟ್ಟಿಯ ಹರಳನ್ನು ನೋಡಿ ಅದರಲ್ಲಿ ಇಂಗಾಲವೆಷ್ಟಿದೆಯೆಂದು ಹೇಳುವವರು ಅವರು. ಓದುಬರಹ ಬಲ್ಲವರು ಅವರಲ್ಲಿ ಕಡಿಮೆ. ಆದರೆ ಅವರ ಕಣ್ಣು ತಪ್ಪುತ್ತಿದ್ದುದು ಇನ್ನೂ ಕಡಿಮೆ. ಈ ಗೌರವವು ಬ್ರಿಯರ್ಲಿಯ ಮನಸ್ಸಿನಲ್ಲಿ ಬಾಲ್ಯದಲ್ಲಿಯೇ ಬೇರೂರಿತು. ಕಡೆಯ ತನಕವೂ ಕದಲಲಿಲ್ಲ.

ಕೆಲಕಾಲದಲ್ಲಿ ಅವನಿಗೆ ಅದೇ ಕಾರ್ಖಾನೆಯ ರಸಾಯನಶಾಲೆಯಲ್ಲಿ ಸೀಸೆ ತೊಳೆಯುವ ಕೆಲಸ ದೊರೆಯಿತು. ನೋಡುವವರಿಗೆ ಇದು ಅಲ್ಪವಾದ ಕೆಲಸ. ಅವನಿಗೆ ಮಾತ್ರ ಅದೇ ವಿದ್ಯಾಪೀಠವಾಯಿತು. ಅಲ್ಲಿಯ ಮುಖ್ಯಸ್ಥನಾಗಿದ್ದ ಜೇಮ್ಸ್ ಟೇಲರ್ ಎಂಬ ರಸಾಯನಜ್ಞನು ಹುಡುಗನ ಕೈಯ ಚುರುಕನ್ನು ಕಂಡು ಗಣಿತವನ್ನು ಹೇಳಿಕೊಟ್ಟನು, ಪುಸ್ತಕಗಳನ್ನು ಓದಿಸಿದನು, ರಾತ್ರಿಯ ತರಗತಿಗಳಿಗೆ ಹೋಗುವಂತೆ ಪ್ರೇರೇಪಿಸಿದನು. ಹೊತ್ತಿಗೆ ಸರಿಯಾಗಿ ಒಬ್ಬ ಗುರು ದೊರೆಯುವುದು ಎಂಥ ಭಾಗ್ಯವೆಂಬುದನ್ನು ಉಪಾಧ್ಯಾಯ ವೃತ್ತಿಯವನಾದ ನಾನು ಹೇಳಿದರೆ ಸ್ವಪಕ್ಷದ ಮಾತಾದೀತು. ಆದರೂ ಹೇಳದೆ ಇರಲಾರೆ. ಸೀಸೆ ತೊಳೆಯುವ ಹುಡುಗನು ವಿಶ್ಲೇಷಕನಾದನು. 1895ರಲ್ಲಿ ಹೆಲೆನ್ ಕ್ರ್ಯಾಂಕ್ ಎಂಬವಳನ್ನು ವಿವಾಹವಾದನು. ಉಕ್ಕಿನ ವಿಶ್ಲೇಷಣೆಯ ಬಗೆಗೆ ಲೇಖನಗಳನ್ನು ಬರೆಯತೊಡಗಿ, 1902ರಲ್ಲಿ ಫ್ರೆಡ್ ಇಬಟ್ಸನ್ ಎಂಬವನೊಡನೆ ಕೂಡಿ ಉಕ್ಕಿನ ಕಾರ್ಖಾನೆಗಳ ಪದಾರ್ಥಗಳನ್ನು ಪರೀಕ್ಷಿಸುವ ವಿಧಾನಗಳ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಆ ಹೊತ್ತಿಗೆ ಅವನು ಫರ್ತ್ ಸಂಸ್ಥೆಯನ್ನು ಬಿಟ್ಟು ಕೈಸರ್ ಎಲಿಸನ್ ಎಂಬ ಬೇರೊಂದು ಕಾರ್ಖಾನೆಯಲ್ಲಿ ಪ್ರಯೋಗಶಾಲೆಯನ್ನು ಕಟ್ಟುತ್ತಿದ್ದನು.

ಅನಂತರ ಕೆಲವು ವರ್ಷ ಅವನ ವಾಸ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಲಾಟ್ವಿಯಾದ ರಾಜಧಾನಿಯಾಗಿರುವ ರೀಗಾ ನಗರದಲ್ಲಿ. ಫರ್ತ್ ಸಂಸ್ಥೆಯವರು ಅಲ್ಲಿ ಒಂದು ಕಾರ್ಖಾನೆಯನ್ನು ಕೊಂಡಿದ್ದರು. ರಸಾಯನಜ್ಞನಾಗಿ ಹೋದವನು 1905ರ ಕ್ರಾಂತಿಯ ಗಲಭೆಯ ಬಳಿಕ ಕಾರ್ಖಾನೆಯ ಆಡಳಿತವನ್ನೇ ವಹಿಸಬೇಕಾಯಿತು. ಉಕ್ಕಿಗೆ ಹದ ಕೊಡುವುದನ್ನು, ಅಂದರೆ ಕಾಯಿಸಿ ತಣಿಸಿ ಬೇಕಾದ ಗಡಸುತನ ಬರಿಸುವುದನ್ನು, ಅವನು ಪೂರ್ಣವಾಗಿ ಕೈವಶ ಮಾಡಿಕೊಂಡುದು ಈ ಅವಧಿಯಲ್ಲಿ. ಮುಂದೆ ಅದೇ ಅವನನ್ನು ಕಾಪಾಡಿತು.

ಫರ್ತ್ ಮತ್ತು ಜಾನ್ ಬ್ರೌನ್ ಎಂಬೆರಡು ದೊಡ್ಡ ಸಂಸ್ಥೆಗಳು ಕೂಡಿ ಶೆಫೀಲ್ಡಿನಲ್ಲಿ ಸಂಶೋಧನಾಲಯವೊಂದನ್ನು ತೆರೆದು ಬ್ರಿಯರ್ಲಿಯನ್ನು ಅದರ ಮುಖ್ಯಸ್ಥನನ್ನಾಗಿ ಕರೆಸಿಕೊಂಡವು. 1912ರಲ್ಲಿ ಬಂದೂಕಿನ ನಳಿಗೆಯ ಸಮಸ್ಯೆಯೊಂದು ಅವನ ಮುಂದೆ ಬಂದಿತು. ಗುಂಡು ಹಾರಿದಂತೆಲ್ಲ ಮದ್ದಿನ ಬಿಸಿ ಅನಿಲಗಳಿಂದ ನಳಿಗೆಯ ಒಳಮೈ ಸವೆದು ಗುಂಡು ಸಡಿಲವಾಗುತ್ತಿತ್ತು. ಕ್ರೋಮಿಯಂ ಬೆರೆತ ಉಕ್ಕು ಹೆಚ್ಚಿನ ಬಿಸಿಯನ್ನು ತಡೆಯಬಹುದೆಂದು ಊಹಿಸಿ ಅವನು ಬೇರೆ ಬೇರೆ ಪ್ರಮಾಣಗಳಲ್ಲಿ ಎರಕಗಳನ್ನು ಮಾಡಿಸತೊಡಗಿದನು. 1913ನೆಯ ಆಗಸ್ಟ್ 13ರಂದು ವಿದ್ಯುತ್ ಕುಲುಮೆಯಲ್ಲಿ ಎರೆದ ಉಕ್ಕಿನಲ್ಲಿ ನೂರಕ್ಕೆ 12.8 ಭಾಗ ಕ್ರೋಮಿಯಮ್ಮೂ 0.24 ಭಾಗ ಇಂಗಾಲವೂ ಇದ್ದವು. ತಮಾಷೆಯೆಂದರೆ, ಬಂದೂಕಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವೇನೂ ಆಗಲಿಲ್ಲ.

ಗುಜರಿಯ ರಾಶಿಯಲ್ಲಿ ಎಸೆದಿದ್ದ ತುಂಡೊಂದು ತಿಂಗಳುಗಳ ಮೇಲೂ ಥಳಥಳಿಸುತ್ತಿದ್ದುದನ್ನು ಬ್ರಿಯರ್ಲಿ ಕಂಡನೆಂಬ ಕಥೆ ಜನಜನಿತವಾಗಿದೆ. ಮಕ್ಕಳಿಗೆ ಹೇಳಲು ಚೆಂದ. ನಡೆದುದು ಬೇರೆ, ಮತ್ತು ಅದಕ್ಕಿಂತ ಸ್ವಾರಸ್ಯವಾದುದು. ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದರ ಮುಖವನ್ನು ಕನ್ನಡಿಯಂತೆ ಉಜ್ಜಿ, ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಸವರುತ್ತಾರೆ. ಆಮ್ಲ ಮೇಲ್ಮೈಯನ್ನು ತುಸು ತಿಂದರೆ ಹರಳುಗಳ ಗೆರೆ ಮೂಡುತ್ತದೆ. ಈ ಉಕ್ಕನ್ನು ಆಮ್ಲ ತಿನ್ನಲೇ ಇಲ್ಲ. ಬೇರೆಯವನಾಗಿದ್ದರೆ ಆಮ್ಲ ಕೆಟ್ಟಿದೆಯೆಂದು ಚೆಲ್ಲಿ ಹೊಸ ಸೀಸೆ ತೆರೆಯುತ್ತಿದ್ದನೇನೋ. ಬ್ರಿಯರ್ಲಿ ಅಲ್ಲಿಯೇ ನಿಂತನು. ವಿನಿಗರ್ ಹಾಕಿ ನೋಡಿದನು, ನಿಂಬೆಯ ರಸ ಹಾಕಿ ನೋಡಿದನು. ಚಾಕುಗಳ ಊರಿನಲ್ಲಿ ಹುಟ್ಟಿದವನಿಗೆ ಊಟದ ಮೇಜಿನ ಚಾಕು ನೆನಪಿಗೆ ಬಾರದಿದ್ದೀತೆ? ಆಗಿನ ಚಾಕುಗಳು ಹುಳಿ ತಾಗಿದರೆ ಕಪ್ಪಾಗುತ್ತಿದ್ದವು. ದಿನವೂ ಪುಡಿ ಹಾಕಿ ಉಜ್ಜಿ, ಒರಸಿ, ಒಣಗಿಸಿಡಬೇಕಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ರೋಮಿಯಮ್ಮನ್ನು ಉಕ್ಕಿಗೆ ಬೆರೆಸಿದವರಲ್ಲಿ ಬ್ರಿಯರ್ಲಿ ಮೊದಲಿಗನಲ್ಲ. 1820ರ ದಶಕದ ಆರಂಭದಲ್ಲಿಯೇ ಮೈಕೇಲ್ ಫ್ಯಾರಡೆಯೂ ಚಾಕು ತಯಾರಕನಾದ ಜೇಮ್ಸ್ ಸ್ಟೊಡಾರ್ಟನೂ ಇಂತಹ ಮಿಶ್ರಲೋಹಗಳನ್ನು ಮಾಡಿದ್ದರು. ಅವರನ್ನು ಆ ಕೆಲಸಕ್ಕೆ ಎಳೆದುದು ಭಾರತದಿಂದ ಹೋದ ವೂಟ್ಸ್ ಎಂಬ ಉಕ್ಕು. ಆ ಹೆಸರು ನಮ್ಮ ಉಕ್ಕು ಎಂಬ ಪದವೇ ಪರದೇಶಿಯರ ಬಾಯಲ್ಲಿ ತಿರುಚಿದುದೆಂದು ವಿದ್ವಾಂಸರು ಹೇಳುವರು. ಫ್ರಾನ್ಸಿನ ಪಿಯೆರ್ ಬರ್ತಿಯೆ 1821ರಲ್ಲಿ ಕ್ರೋಮಿಯಂ ಉಕ್ಕು ಆಮ್ಲಗಳಿಗೆ ಬಗ್ಗದೆಂಬುದನ್ನು ಕಂಡಿದ್ದನು. ಆದರೆ 1892ರಲ್ಲಿ ಶೆಫೀಲ್ಡಿನವನೇ ಆದ, ಬಹುದೊಡ್ಡ ಹೆಸರಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಸೇರಿದರೆ ಉಕ್ಕು ಬೇಗ ಕೊರೆದುಹೋಗುತ್ತದೆಂದು ತೀರ್ಮಾನಿಸಿದನು. ಹೀಗೇಕಾಯಿತು? ಅವನು ಪರೀಕ್ಷೆಗೆ ಬಳಸಿದುದು ಪ್ರಬಲವಾದ ಗಂಧಕಾಮ್ಲವನ್ನು. ನೈಟ್ರಿಕ್ ಆಮ್ಲ ಈ ಉಕ್ಕಿನ ರಕ್ಷಣೆಯನ್ನು ಬಲಪಡಿಸುವಂಥದು, ಗಂಧಕಾಮ್ಲ ಅದನ್ನು ಕೆಡಹುವಂಥದು. ಲೋಹ ಒಂದೇ, ಕೇಳಿದ ಪ್ರಶ್ನೆ ಬೇರೆ, ಬಂದ ಉತ್ತರ ಬೇರೆ. ಬ್ರಿಯರ್ಲಿಯ ಮೇಜಿನ ಮೇಲೆ ಆ ದಿನ ನೈಟ್ರಿಕ್ ಆಮ್ಲದ ಸೀಸೆಯ ಬದಲು ಇನ್ನೊಂದು ಸೀಸೆ ಇದ್ದಿದ್ದರೆ ಅವನೂ ಹ್ಯಾಡ್‌ಫೀಲ್ಡನ ಮಾತನ್ನೇ ಒಪ್ಪಿ ಮುಂದೆ ಸಾಗುತ್ತಿದ್ದನೆಂದು ನನಗೆ ತೋರುತ್ತದೆ.

ಚಾಕು ಮಾಡುವ ಪ್ರಸ್ತಾಪವನ್ನು ಮೇಲಧಿಕಾರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ಚಾಕು ತಯಾರಕರಿಗೆ ಮಾದರಿಯ ಉಕ್ಕು ಹೋಯಿತು. ಇದನ್ನು ಬಡಿಯಲಾಗದು, ಸಾಣೆ ಹಿಡಿಯಲಾಗದು, ಹದ ಏರದು ಎಂದು ಅವರು ಮರಳಿ ಹೇಳಿಕಳುಹಿಸಿದರು. ಕತ್ತರಿಸದ ಚಾಕುವನ್ನು ಕಂಡುಹಿಡಿದ ಪುಣ್ಯಾತ್ಮನೆಂಬ ಅಪಹಾಸ್ಯವನ್ನು ಬ್ರಿಯರ್ಲಿ ಹೊರಬೇಕಾಯಿತು. ತಪ್ಪು ಉಕ್ಕಿನದಲ್ಲವೆಂದು ಅವನಿಗೆ ಗೊತ್ತಿತ್ತು. ತಲೆತಲಾಂತರದಿಂದ ಬಂದ ಚಾಕುವಿನ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಸಾಕು. ಈ ಉಕ್ಕಿಗೆ ಅದಕ್ಕಿಂತ ಹೆಚ್ಚು, ಸುಮಾರು 950ರಿಂದ 1050 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ಬೇಕು. ಕಡಿಮೆಯಾದರೆ ಎರಡು ಕೇಡು. ಅಲಗು ಮೆತ್ತಗಾಗುವುದು ಒಂದು; ಕ್ರೋಮಿಯಮ್ಮಿನ ಬಹುಭಾಗ ಇಂಗಾಲದೊಡನೆ ಕಟ್ಟುಬಿದ್ದೇ ಉಳಿದು ತುಕ್ಕನ್ನು ತಡೆಯುವ ಕೆಲಸಕ್ಕೆ ಒದಗದಿರುವುದು ಇನ್ನೊಂದು. ಹದಗೆಟ್ಟ ಅಲಗು ಕತ್ತರಿಸದು, ಕಲೆಯನ್ನೂ ತಡೆಯದು.

1914ರಲ್ಲಿ ಅರ್ನೆಸ್ಟ್ ಸ್ಟುವರ್ಟ್ ಎಂಬವನ ಪರಿಚಯವಾಯಿತು. ಪೋರ್ಟ್‌ಲೆಂಡ್ ವರ್ಕ್ಸ್ ಎಂಬ ಕಟ್ಟಡದಲ್ಲಿದ್ದ ಮೋಸ್ಲಿಯೆಂಬವರ ಚಾಕು ಕಾರ್ಖಾನೆಯ ವ್ಯವಸ್ಥಾಪಕ ಅವನು. ಅವನೂ ಮೊದಲು ನಂಬಲಿಲ್ಲ. ಆದರೆ ನಂಬದಿದ್ದರೂ ಮಾಡಿ ನೋಡುವ ಸ್ವಭಾವ ಅವನದು. ಒಂದೆರಡು ಸಾರಿ ಕೆಟ್ಟಿತು. ಬ್ರಿಯರ್ಲಿ ತಾನೇ ಹೋಗಿ ಕುಲುಮೆಯ ಬಳಿ ನಿಂತು ಶಾಖವನ್ನು ತೋರಿಸಿದ ಮೇಲೆ ಒಳ್ಳೆಯ ಚಾಕುಗಳು ಹೊರಬಂದವು. ಬ್ರಿಯರ್ಲಿ ತನ್ನ ಲೋಹವನ್ನು ತುಕ್ಕು ಹಿಡಿಯದ ಉಕ್ಕು ಎನ್ನುತ್ತಿದ್ದನು. ವಿನಿಗರಿನಲ್ಲಿಟ್ಟು ಪರೀಕ್ಷಿಸಿ ಕಲೆ ಹತ್ತದ ಉಕ್ಕು ಎಂಬರ್ಥದ ಹೆಸರನ್ನು ಬಳಕೆಗೆ ತಂದವನು ಸ್ಟುವರ್ಟ್. ಆ ಹೆಸರೇ ಜಗತ್ತಿನಲ್ಲಿ ನಿಂತಿತು.

ಹೆಸರು ಮಾತ್ರ ವಸ್ತುವಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತೆನ್ನಬೇಕು. ಈ ಉಕ್ಕಿಗೆ ಕಲೆ ಹತ್ತದಿರುವುದು ಅದರ ಹೊಟ್ಟೆಯೊಳಗಿನ ಗುಣದಿಂದಲ್ಲ, ಮೈಮೇಲಿನ ಪೊರೆಯಿಂದ. ಗಾಳಿಯ ಆಮ್ಲಜನಕವೂ ಲೋಹದಲ್ಲಿರುವ ಕ್ರೋಮಿಯಮ್ಮೂ ಕೂಡಿ ಈ ಪೊರೆಯಾಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟೇ ಅದರ ದಪ್ಪ. ಗೀರಿದರೆ, ಗಾಳಿಯಿದ್ದಲ್ಲಿ, ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಇದಕ್ಕೆ ಪರಮಶತ್ರು ನಮ್ಮ ಅಡುಗೆಮನೆಯ ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡು ಪೊರೆಯ ದುರ್ಬಲ ಸ್ಥಳವೊಂದನ್ನು, ಹೆಚ್ಚಾಗಿ ಮ್ಯಾಂಗನೀಸ್ ಮತ್ತು ಗಂಧಕಗಳು ಕೂಡಿ ಉಕ್ಕಿನಲ್ಲಿ ಉಳಿದ ಕಣವಿರುವ ಜಾಗವನ್ನು, ಹುಡುಕಿ ಒಡೆಯುತ್ತದೆ. ಅಲ್ಲಿ ಸೂಜಿಮೊನೆಯ ಗಾತ್ರದ ಕುಳಿ ಬೀಳುತ್ತದೆ. ಕುಳಿಯೊಳಗೆ ಕರಗಿದ ಲೋಹದಿಂದ ಅಲ್ಲಿಯ ನೀರು ಆಮ್ಲವಾಗುತ್ತದೆ. ಆಮ್ಲದೆಡೆಗೆ ಇನ್ನಷ್ಟು ಕ್ಲೋರೈಡು ಸೆಳೆದು ಬರುತ್ತದೆ. ಆಮ್ಲಜನಕವೋ ಆ ಇಕ್ಕಟ್ಟಿಗೆ ತಲುಪದು, ಆದುದರಿಂದ ಪೊರೆ ಕೂಡದು. ಸುತ್ತಲಿನ ಹೊಳೆಯುವ ಮೈಯೆಲ್ಲ ಕ್ಷೇಮವಾಗಿದ್ದು, ಅದರ ವಿದ್ಯುದ್ರಾಸಾಯನಿಕ ಭಾರವನ್ನೆಲ್ಲ ಆ ಒಂದು ಕುಳಿಯೇ ಹೊರುತ್ತದೆ. ಸಾಮಾನ್ಯ ಕಬ್ಬಿಣ ತುಕ್ಕು ಹಿಡಿದರೆ ಕೆಂಪಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಇದು ಹಾಗಲ್ಲ. ತೂಕದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗದೆ ತಗಡಿಗೆ ತೂತು ಬಿದ್ದಿರುತ್ತದೆ.

ನಮ್ಮ ಅಜ್ಜಿಯರು ಉಪ್ಪಿನಕಾಯಿಯನ್ನು ಪಿಂಗಾಣಿಯ ಭರಣಿ ಬಿಟ್ಟು ಬೇರೆಡೆ ಹಾಕಿದವರಲ್ಲ. ಸ್ಟೀಲಿನ ಡಬ್ಬಿಗಳು ಬಂದಮೇಲೆ ಈ ವಿವೇಕವನ್ನು ಮರೆತವರು ಡಬ್ಬಿಯ ತಳದಲ್ಲಿ ಕಪ್ಪು ಚುಕ್ಕೆಗಳನ್ನು ಕಂಡು ಅಂಗಡಿಯವನನ್ನು ಬೈದರು. ತಣ್ಣೀರಿಗೆ ಕಲ್ಲುಪ್ಪು ಹಾಕಿ ಕಲಕದೆ ಬಿಟ್ಟ ಪಾತ್ರೆಗೂ ಇದೇ ಗತಿ. ಆದರೆ ಇದು ಪಾತ್ರೆ ಪಗಡಗಳ ಮಾತಷ್ಟೇ ಅಲ್ಲ. 1985ರ ಮೇ 9ರಂದು ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬ ಊರಿನಲ್ಲಿ ಈಜುಕೊಳವೊಂದರ ಕಾಂಕ್ರೀಟಿನ ಒಳಮಾಳಿಗೆ ಕುಸಿದು 12 ಜನ ಮಡಿದರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸ್ಟೀಲಿನ ಸಲಾಕೆಗಳನ್ನು, ಕೊಳದ ನೀರಿನಿಂದ ಎದ್ದ ಕ್ಲೋರೈಡು ತುಂಬಿದ ತೇವವು ಕೊರೆದಿತ್ತು. ಎಳೆತದಲ್ಲಿದ್ದ ಲೋಹ ಕೊರೆತದ ಜಾಗಗಳಲ್ಲಿ ಬಿರಿದು ತುಂಡಾಗಿತ್ತು. ತುಕ್ಕು ಹಿಡಿಯದೆಂಬ ಹೆಸರನ್ನು ನಂಬಿ ಸಲಾಕೆಗಳನ್ನು ಒಳಮಾಳಿಗೆಯ ಮೇಲೆ, ಕಣ್ಣಿಗೆ ಬೀಳದಲ್ಲಿ ಬಿಟ್ಟಿದ್ದರು.

ಬ್ರಿಯರ್ಲಿಯ ಉಕ್ಕಿನಲ್ಲಿ ಕ್ರೋಮಿಯಂ ಹದಿಮೂರು ಭಾಗದೊಳಗೆ. ಉಪ್ಪುನೀರಿನ ಮುಂದೆ ಅದು ದುರ್ಬಲವೇ. ಜರ್ಮನಿಯ ಕ್ರುಪ್ ಸಂಸ್ಥೆಯಲ್ಲಿ ಸ್ಟ್ರಾಸ್ ಮತ್ತು ಮೌರರ್ ಎಂಬವರು ಕ್ರೋಮಿಯಮ್ಮಿನ ಜೊತೆಗೆ ನಿಕ್ಕಲನ್ನು ಬೆರೆಸಿ 1912ರಲ್ಲಿಯೇ ಸ್ವಾಮ್ಯಪತ್ರ ಬೇಡಿದ್ದರು. ನಮ್ಮ ತಟ್ಟೆ ಲೋಟಗಳಲ್ಲಿ ಬಹಳಷ್ಟು ಆ ವಂಶದವು. 1924ರಲ್ಲಿ ಹದಿನೆಂಟು ಭಾಗ ಕ್ರೋಮಿಯಂ, ಎಂಟು ಭಾಗ ನಿಕ್ಕಲ್ ಇರುವ ಉಕ್ಕನ್ನು ಇಂಗ್ಲೆಂಡಿನಲ್ಲಿ ತಂದವನು ಬ್ರಿಯರ್ಲಿಯ ಬಳಿಕ ಆ ಸಂಶೋಧನಾಲಯಕ್ಕೆ ಬಂದ ಹ್ಯಾಟ್‌ಫೀಲ್ಡ್. ಮುಂದೆ ಎರಡು ಮೂರು ಭಾಗ ಮಾಲಿಬ್ಡಿನಮ್ಮನ್ನು ಸೇರಿಸಿ ಕುಳಿಬೀಳುವಿಕೆಯನ್ನು ಬಹುಮಟ್ಟಿಗೆ ತಡೆದರು. ಪೂರ್ಣವಾಗಿ ತಡೆದವರು ಇನ್ನೂ ಇಲ್ಲ.

ಬ್ರಿಯರ್ಲಿಯ ಬಳಿಕ ಎಂದೆನಷ್ಟೆ. ಅವನು ಸಂಶೋಧನಾಲಯವನ್ನು ಬಿಟ್ಟುದು ಸಂತೋಷದಿಂದಲ್ಲ. ಚಾಕುವಿನಿಂದ ಲಾಭ ಬರತೊಡಗಿದಾಗ ಈ ಉಕ್ಕು ಯಾರದೆಂಬ ಪ್ರಶ್ನೆ ಎದ್ದಿತು. ಮೊದಲು ತಾತ್ಸಾರ ಮಾಡಿದ ಸಂಸ್ಥೆ ಈಗ ಅದು ತನ್ನದೆಂದಿತು. ಬ್ರಿಯರ್ಲಿಗೆ ಹಣಕ್ಕಿಂತ ಮಾನದ ಕೊರಗು. 1914ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, ಮರುವರ್ಷ ಬ್ರೌನ್ ಬೇಯ್ಲೀ ಎಂಬ ಇನ್ನೊಂದು ಉಕ್ಕಿನ ಕಾರ್ಖಾನೆಯ ವ್ಯವಸ್ಥಾಪಕನಾದನು. ಇಂಗ್ಲೆಂಡಿನಲ್ಲಿ ಸ್ವಾಮ್ಯಪತ್ರವಿಲ್ಲ, ಜಾನ್ ಮ್ಯಾಡಕ್ಸ್ ಎಂಬ ಹಿರಿಯನ ನೆರವಿನಿಂದ ಅಮೆರಿಕದಲ್ಲಿ ಅರ್ಜಿ ಹಾಕಿ 1916ರ ಸೆಪ್ಟೆಂಬರಿನಲ್ಲಿ ಅದನ್ನು ಪಡೆದನು. ಅಲ್ಲಿಯೂ ಎಲ್ವುಡ್ ಹೇಯ್ನ್ಸ್ ಎಂಬವನು ತಾನೇ ಮೊದಲಿಗನೆಂದು ನಿಂತನು. ಕೊನೆಗೆ ಇಬ್ಬರ ಹಕ್ಕುಗಳೂ ಒಂದೇ ಕಂಪನಿಯಡಿ ಸೇರಿದವು. 1917ರಲ್ಲಿ ಫರ್ತ್ ಸಂಸ್ಥೆಯೊಡನೆಯೂ ರಾಜಿಯಾಯಿತು. ಕಾಗದದ ಮೇಲಿನ ರಾಜಿ ಅದು. ತನ್ನ ಹೆಸರನ್ನು ಮರೆಮಾಡಿದರೆಂಬ ನೋವು ಅವನ ಆತ್ಮಕಥೆಯವರೆಗೂ ಬಂದಿದೆ.

ಅವನು ಮೊದಲಿಗನೋ ಅಲ್ಲವೋ ಎಂಬ ಚರ್ಚೆಯಲ್ಲಿ ನನ್ನ ಮಟ್ಟಿಗೆ ಹೆಚ್ಚು ಸಾರವಿಲ್ಲ. 1911ರಲ್ಲಿಯೇ ಜರ್ಮನಿಯ ಮೊನಾರ್ಟ್ಸ್ ಎಂಬವನು ಕ್ರೋಮಿಯಂ ಉಕ್ಕಿನ ನಿಶ್ಚೇಷ್ಟತೆಯನ್ನು, ಅಂದರೆ ಪೊರೆಯಿಂದಾಗಿ ಆಮ್ಲಕ್ಕೆ ಸುಮ್ಮನಿರುವ ಗುಣವನ್ನು, ಬ್ರಿಯರ್ಲಿಗಿಂತ ಶಾಸ್ತ್ರೀಯವಾಗಿ ವಿವರಿಸಿದ್ದನು. ಬ್ರಿಯರ್ಲಿ ಮಾಡಿದುದು ಬೇರೆ. ಗ್ರಂಥದಲ್ಲಿದ್ದ ಗುಣವನ್ನು ಹಠ ಹಿಡಿದು, ಅಪಹಾಸ್ಯವನ್ನು ನುಂಗಿ, ಕಮ್ಮಾರನ ಅಡಿಗಲ್ಲಿನ ತನಕ ಒಯ್ದು, ಚಾಕುವಾಗಿಸಿ ಊಟದ ಮೇಜಿನ ಮೇಲಿಟ್ಟನು.

ಮೊದಲ ಮಹಾಯುದ್ಧದಲ್ಲಿ ಈ ಉಕ್ಕು ವಿಮಾನಗಳ ಎಂಜಿನ್ನಿನ ಕವಾಟಗಳಿಗೆ ಮೀಸಲಾದುದರಿಂದ ಚಾಕುಗಳು ಕೆಲಕಾಲ ನಿಂತವು. ಯುದ್ಧ ಮುಗಿದ ಮೇಲೆ, 1920ರಲ್ಲಿ ಕಬ್ಬಿಣ ಮತ್ತು ಉಕ್ಕಿನ ಸಂಸ್ಥೆಯು ಬೆಸೆಮರ್ ಸುವರ್ಣಪದಕವನ್ನಿತ್ತು ಬ್ರಿಯರ್ಲಿಯನ್ನು ಗೌರವಿಸಿತು. ಬ್ರೌನ್ ಬೇಯ್ಲೀ ಸಂಸ್ಥೆಯಲ್ಲಿ ನಿರ್ದೇಶಕ ಪದವಿಗೂ ಏರಿದನು. ಏರಿದರೂ ಅವನ ಒಲವು ಕುಲುಮೆಯ ಮುಂದಿನವರ ಕಡೆಗೇ. ಪ್ರಯೋಗಶಾಲೆಯ ಅಂಕಿಗಳನ್ನು ಹಿಡಿದು, ಕೈಯಿಂದ ಉಕ್ಕು ಮಾಡುವವನ ಅನುಭವವನ್ನು ಹಗುರವಾಗಿ ಕಾಣುವ ತಜ್ಞರನ್ನು ಅವನು ಮುಲಾಜಿಲ್ಲದೆ ಟೀಕಿಸಿದನು. 1933ರಲ್ಲಿ ಉಕ್ಕು ತಯಾರಕರ ಕುರಿತು ಪುಸ್ತಕ ಬರೆದು, ಹೆಸರಿಲ್ಲದೆ ಹೋದ ಮೂಸೆಯ ಕೆಲಸಗಾರರ ಚಿತ್ರವನ್ನು ಉಳಿಸಿಟ್ಟನು. 1939ರಲ್ಲಿ ಶೆಫೀಲ್ಡ್ ನಗರವು ಅವನಿಗೆ ಗೌರವ ಪೌರತ್ವವನ್ನು ಕೊಟ್ಟಿತು. 1941ರಲ್ಲಿ ಆತ್ಮಕಥೆ ಹೊರಬಂದಿತು. ತನ್ನಂತೆ ಅವಕಾಶವಿಲ್ಲದೆ ಬೆಳೆದವರಿಗೆ ನೆರವಾಗಲೆಂದು ಧರ್ಮದತ್ತಿಯೊಂದನ್ನೂ ಅದೇ ವರ್ಷ ಸ್ಥಾಪಿಸಿದನು.

ಕಡೆಯ ದಿನಗಳಲ್ಲಿ ಹೊಗೆಯ ಊರನ್ನು ಬಿಟ್ಟು ದಕ್ಷಿಣ ಇಂಗ್ಲೆಂಡಿನ ಕಡಲತೀರದ ಟಾರ್ಕಿ ಎಂಬಲ್ಲಿ ನೆಲಸಿದ್ದನು. ಅಲ್ಲಿ 1948ರಲ್ಲಿ, ತನ್ನ 77ನೆಯ ವಯಸ್ಸಿನಲ್ಲಿ ತೀರಿಕೊಂಡನು. ಶೆಫೀಲ್ಡಿನ ಗೋಡೆಯೊಂದರ ಮೇಲೆ ಅವನ ದೊಡ್ಡ ಚಿತ್ರವಿದೆ. ಸ್ಟುವರ್ಟನು ಮೊದಲ ಚಾಕುಗಳಿಗೆ ಹದ ಕೊಟ್ಟ ಪೋರ್ಟ್‌ಲೆಂಡ್ ವರ್ಕ್ಸ್ ಕಟ್ಟಡವು ಕೈಬಿಟ್ಟು ಹೋಗುವ ಸ್ಥಿತಿ ಬಂದಾಗ ಊರಿನ ಜನ ಪಾಲುಹಣ ಕೂಡಿಸಿ 2013ರಲ್ಲಿ ಅದನ್ನು ಕೊಂಡುಕೊಂಡರು. ಕುಶಲಕರ್ಮಿಗಳು ಅಲ್ಲಿ ತಮ್ಮ ಕೆಲಸವನ್ನು ಮುಂದುವರಿಸಿದರು.